ನೀರು ಹೋಗಲು ದಾರಿಯಿಲ್ಲದ ರಸ್ತೆಗಳು: ಒಂದು ಕೌಂಟಿ ಕೌನ್ಸಿಲ್‌ನ ಪ್ರಕರಣ ಅಧ್ಯಯನ

ಇದು ಇಂಗ್ಲೆಂಡಿನ ಒಂದು ಗ್ರಾಮೀಣ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪ್ರಕರಣ. ಸರ್ಕಾರದ ದುಡ್ಡು ಕಮ್ಮಿಯಾದಾಗ ಅಲ್ಲಿನ ಕೌನ್ಸಿಲ್, ಅಂದರೆ ಚುನಾಯಿತ ಸ್ಥಳೀಯ ಆಡಳಿತ, ರಸ್ತೆ ನಿರ್ವಹಣೆಯಲ್ಲಿ ಯಾವ ಕೆಲಸ ಕೈಬಿಟ್ಟಿತು, ಅದಕ್ಕೆ ಎಲ್ಲಿ ಬೆಲೆ ತೆತ್ತಿತು, ಆಮೇಲೆ ಹೇಗೆ ದಾರಿ ಬದಲಿಸಿತು ಅನ್ನೋದು ವಿಷಯ. ಕೌಂಟಿ ಯಾವುದು, ಅಧಿಕಾರಿಗಳು ಯಾರು ಎಂದು ಹೇಳುವುದಿಲ್ಲ. ಗುರುತು ಹತ್ತದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ, ಕೌನ್ಸಿಲ್‌ನ ಒಳಲೆಕ್ಕದ ಅಂಕಿಗಳನ್ನೂ ಅದಕ್ಕೇ ಬಿಟ್ಟಿದ್ದೇನೆ. ಕಾನೂನು ಮತ್ತು ಸರ್ಕಾರದ ಅಂಕಿಗಳು ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಮೋಟರ್‌ವೇ ಮತ್ತು ಅತಿ ಮುಖ್ಯ ರಸ್ತೆಗಳನ್ನು ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಕಂಪನಿ ನೋಡಿಕೊಳ್ಳುತ್ತದೆ. ಉದ್ದದ ಲೆಕ್ಕದಲ್ಲಿ ಅವು ತೀರಾ ಸಣ್ಣ ಪಾಲು. ಉಳಿದ ಶೇ 97ಕ್ಕೂ ಜಾಸ್ತಿ ರಸ್ತೆ ಸ್ಥಳೀಯ ಕೌನ್ಸಿಲ್‌ಗಳ ತಲೆ ಮೇಲಿದೆ. 1980ರ ಹೈವೇಸ್ ಕಾಯ್ದೆಯ ಸೆಕ್ಷನ್ 41 ಪ್ರಕಾರ ಅವನ್ನು ಸುಸ್ಥಿತಿಯಲ್ಲಿ ಇಡುವುದು ಕೌನ್ಸಿಲ್‌ನ ಕರ್ತವ್ಯ. ದುಡ್ಡಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ ಎಂಬ ಮಾತು ಕಾಯ್ದೆಯಲ್ಲಿ ಇಲ್ಲ.

ದುಡ್ಡಂತೂ ಇಳಿಯುತ್ತಾ ಬಂತು. 2010-11ರಿಂದ 2017-18ರ ನಡುವೆ ಕೇಂದ್ರ ಸರ್ಕಾರದಿಂದ ಸ್ಥಳೀಯ ಆಡಳಿತಕ್ಕೆ ಬರುವ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಶೇ 49.1ರಷ್ಟು ಕುಸಿಯಿತು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2018ರಲ್ಲಿ ಹೇಳಿತು. ಅದೇ ಹೊತ್ತಿಗೆ ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ ಎರಡರ ಖರ್ಚೂ ಏರುತ್ತಿತ್ತು. ಅವನ್ನು ಮುಟ್ಟುವ ಹಾಗಿಲ್ಲ. ಮನೆಗಳ ಮೇಲೆ ಹಾಕುವ ಕೌನ್ಸಿಲ್ ತೆರಿಗೆಯನ್ನು ಒಂದು ಮಿತಿಗಿಂತ ಜಾಸ್ತಿ ಏರಿಸಬೇಕೆಂದರೆ ಜನಮತ ಕೇಳಬೇಕು. ಹಾಗಾಗಿ ಕತ್ತರಿ ಬಂದದ್ದು ರಸ್ತೆ, ಗ್ರಂಥಾಲಯ, ಬಸ್ಸುಗಳ ಕಡೆಗೆ.

ಇಲ್ಲಿ ಇನ್ನೊಂದು ವಿಷಯ ಗೊತ್ತಿರಬೇಕು. ರಸ್ತೆಯ ಹಣ ಎರಡು ಬೇರೆ ಬೇರೆ ಚೀಲಗಳಲ್ಲಿ ಇರುತ್ತದೆ. ಒಂದು ಬಂಡವಾಳ ಹಣ. ಇದರ ದೊಡ್ಡ ಪಾಲು ಕೇಂದ್ರದ ಸಾರಿಗೆ ಇಲಾಖೆಯಿಂದ ಬರುತ್ತದೆ. ಹೊಸದಾಗಿ ಡಾಂಬರು ಹಾಕುವುದು, ಸೇತುವೆ ಬಲಪಡಿಸುವುದು, ಹೀಗೆ ರಸ್ತೆಯ ಆಯಸ್ಸು ಹೆಚ್ಚಿಸುವ ಕೆಲಸಕ್ಕೆ ಮಾತ್ರ ಅದನ್ನು ಬಳಸಬಹುದು. ಇನ್ನೊಂದು ನಿತ್ಯದ ಖರ್ಚಿನ ಹಣ. ಇದನ್ನು ಕೌನ್ಸಿಲ್ ತನ್ನ ತೆರಿಗೆ ಮತ್ತು ಸಾಮಾನ್ಯ ಅನುದಾನದಿಂದ ಹೊಂದಿಸಿಕೊಳ್ಳಬೇಕು. ಸಣ್ಣ ಗುಂಡಿ ಮುಚ್ಚುವುದು, ಹುಲ್ಲು ಕತ್ತರಿಸುವುದು, ಹೂಳೆತ್ತುವುದು, ಇನ್ಸ್‌ಪೆಕ್ಟರ್‌ಗಳ ಸಂಬಳ, ಎಲ್ಲಾ ಈ ಚೀಲದಿಂದಲೇ. ಬಂಡವಾಳದ ಚೀಲಕ್ಕೆ ಕೈ ಹಾಕಿ ಹೂಳೆತ್ತುವಂತಿಲ್ಲ. ಮುಂದೆ ನಡೆದ ಅರ್ಧ ಗೋಳು ಇದರಿಂದಲೇ ಹುಟ್ಟಿದ್ದು.

ನಮ್ಮ ಕೌಂಟಿಯಲ್ಲಿ ಹಳ್ಳಿ ರಸ್ತೆಗಳೇ ಜಾಸ್ತಿ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ನಕ್ಷೆ ಹಾಕಿ ಕಟ್ಟಿದ್ದಲ್ಲ. ಗಾಡಿ ಓಡಾಡಿದ ಹಳೇ ಜಾಡಿಗೆ ಒಂದಾದ ಮೇಲೊಂದು ಜಲ್ಲಿ, ಡಾಂಬರಿನ ಪದರ ಬಿದ್ದು ರಸ್ತೆಯಾದವು. ಅಂಚಿಗೆ ಕಟ್ಟೆಕಲ್ಲು ಇಲ್ಲ, ಕೆಳಗೆ ಗಟ್ಟಿ ತಳಪಾಯ ಇಲ್ಲ. ಇಂಥ ರಸ್ತೆ ಒಣಗಿದ್ದಷ್ಟು ದಿನ ಚೆನ್ನಾಗಿ ಬಾಳುತ್ತದೆ. ನೀರು ನಿಂತರೆ ಕೆಟ್ಟಿತು.

ಕತ್ತರಿ ಬಿದ್ದದ್ದು ಎಲ್ಲಿಗೆ

ಹೈವೇ ವಿಭಾಗದ ಮುಂದೆ ಪಟ್ಟಿ ಇತ್ತು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲಿ ಎಂದು ರಸ್ತೆಗೆ ಉಪ್ಪು ಹಾಕುವುದನ್ನು ನಿಲ್ಲಿಸುವ ಹಾಗಿಲ್ಲ, ಹಿಮ ಮತ್ತು ಮಂಜುಗಡ್ಡೆಯ ಬಗ್ಗೆ ಕಾಯ್ದೆಯಲ್ಲೇ ಪ್ರತ್ಯೇಕ ಕರ್ತವ್ಯ ಇದೆ. ರಸ್ತೆ ತಪಾಸಣೆ ಕಮ್ಮಿ ಮಾಡಲೂ ಧೈರ್ಯ ಬರಲಿಲ್ಲ. ಗುಂಡಿಗೆ ಬಿದ್ದು ಪೆಟ್ಟಾದವರು ಪರಿಹಾರ ಕೇಳಿದಾಗ ಕೌನ್ಸಿಲ್‌ಗೆ ಇರುವ ಮುಖ್ಯ ಗುರಾಣಿ ಅದೇ ಕಾಯ್ದೆಯ ಸೆಕ್ಷನ್ 58. ಸನ್ನಿವೇಶಕ್ಕೆ ತಕ್ಕಷ್ಟು ಎಚ್ಚರ ವಹಿಸಿದ್ದೆವು ಎಂದು ದಾಖಲೆ ಸಮೇತ ತೋರಿಸಿದರೆ ಬಚಾವ್. ಸಿಬ್ಬಂದಿ ಇರಲಿಲ್ಲ, ಹಣ ಇರಲಿಲ್ಲ ಎಂಬ ನೆಪ ಆ ಗುರಾಣಿಗೆ ಸೇರುವುದಿಲ್ಲ ಎಂದು ಯಾರ್ಕ್ ನಗರದ ಒಂದು ಮೊಕದ್ದಮೆಯಲ್ಲಿ ಅಪೀಲು ನ್ಯಾಯಾಲಯ 2011ರಲ್ಲಿ ಹೇಳಿಬಿಟ್ಟಿತ್ತು. ಡಾಂಬರು ಕೆಲಸಕ್ಕೆ ಬಂಡವಾಳದ ಹಣ ಬರುತ್ತಿತ್ತು, ಅದನ್ನು ಉಳಿಸಿದರೂ ಬೇರೆಡೆಗೆ ಉಪಯೋಗವಿಲ್ಲ.

ಉಳಿದದ್ದು ನೀರಿನ ಕೆಲಸ. ರಸ್ತೆ ಬದಿಯ ಕಬ್ಬಿಣದ ಜಾಲರಿಗಳ ಕೆಳಗೆ ಒಂದೊಂದು ತೊಟ್ಟಿ ಇರುತ್ತದೆ. ಮಣ್ಣು, ಎಲೆ, ಕಸ ಅದರೊಳಗೆ ಕೂರುತ್ತದೆ, ನೀರು ಮಾತ್ರ ಕೊಳವೆಗೆ ಹೋಗುತ್ತದೆ. ಮೊದಲು ಎಲ್ಲಾ ತೊಟ್ಟಿಗಳನ್ನೂ ಸರದಿ ಪ್ರಕಾರ ಟ್ಯಾಂಕರ್‌ನಿಂದ ಹೀರಿ ತೆಗೆಯುತ್ತಿದ್ದರು. ಅದನ್ನು ನಿಲ್ಲಿಸಿ, ದೂರು ಬಂದರೆ ಮಾತ್ರ ಹೋಗುವುದು ಎಂದು ಮಾಡಿದರು. ಹಳ್ಳಿಗಳ ಕಡೆ ಚರಂಡಿ ತೋಡುತ್ತಿದ್ದ ತಂಡವನ್ನು ಪೂರ್ತಿ ತೆಗೆದೇ ಹಾಕಿದರು. ಹುಲ್ಲು ಕತ್ತರಿಸುವುದೂ ಅರ್ಧಕ್ಕೆ ಇಳಿಯಿತು.

ಯಾರೂ ದೂರು ಕೊಡಲಿಲ್ಲ. ಒಬ್ಬರೂ ಕೊಡಲಿಲ್ಲ ಅಂತಲ್ಲ, ಗ್ರಂಥಾಲಯ ಮುಚ್ಚಿದ್ದಕ್ಕೆ ಆದ ಗಲಾಟೆಯ ಮುಂದೆ ಅದು ಏನೂ ಅಲ್ಲ. ಚರಂಡಿ ತಂಡ ಬರಲಿಲ್ಲ ಎಂದು ಯಾರಾದರೂ ಪತ್ರಿಕೆಗೆ ಬರೆಯುತ್ತಾರಾ? ಬಜೆಟ್ ಸಭೆಯಲ್ಲಿ ಇದಕ್ಕೆ ಕೆಲವೇ ನಿಮಿಷ ಖರ್ಚಾಯಿತು. ಸಭೆಯ ಟಿಪ್ಪಣಿ ನೋಡಿದರೆ 'ಜನರ ಮೇಲೆ ಪರಿಣಾಮ: ಕಡಿಮೆ' ಎಂದು ಬರೆದಿದೆ. ಹೊರಗಿನಿಂದ ಬಂದು ಕಡತ ನೋಡಿದವರಲ್ಲಿ ನಾನೂ ಒಬ್ಬ. ನನ್ನ ಲೆಕ್ಕಕ್ಕೆ ಇಡೀ ಪ್ರಕರಣದ ಅತಿ ದುಬಾರಿ ಸಾಲು ಅದೇ.

ಸಮಸ್ಯೆ ಮೇಲೆ ಬಂದದ್ದು

ಮೊದಲ ಎರಡು ಚಳಿಗಾಲ ಏನೂ ಆಗಲಿಲ್ಲ. ಇದೇ ತೊಂದರೆ, ರಸ್ತೆ ತಕ್ಷಣ ಸೇಡು ತೀರಿಸಿಕೊಳ್ಳುವುದಿಲ್ಲ. ಉಳಿತಾಯ ಈ ವರ್ಷದ ಲೆಕ್ಕದಲ್ಲಿ ಕಾಣುತ್ತದೆ, ನಷ್ಟ ಮೂರು ವರ್ಷ ಬಿಟ್ಟು ಬೇರೆಯವರ ಲೆಕ್ಕದಲ್ಲಿ ಕಾಣುತ್ತದೆ.

ಆಮೇಲೆ ಒಂದು ಒದ್ದೆ ಶರತ್ಕಾಲ, ಅದರ ಬೆನ್ನಿಗೇ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಚಳಿಗಾಲ ಬಂತು. ಡಾಂಬರಿನ ಸಣ್ಣ ಬಿರುಕಿಗೆ ನೀರು ಇಳಿಯುತ್ತದೆ. ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಕರಗಿದ ಮೇಲೆ ಲಾರಿ ಚಕ್ರ ಅದರ ಮೇಲೆ ಹಾದಾಗ ನೀರು ಒತ್ತಡದಿಂದ ಜಲ್ಲಿಯನ್ನು ಕಿತ್ತು ಹೊರಗೆ ತಳ್ಳುತ್ತದೆ. ತಳದ ಮಣ್ಣು ನೆನೆದಿದ್ದರೆ ಅಂಚು ತುಂಡುತುಂಡಾಗಿ ಬೀಳುತ್ತದೆ. ಆ ವರ್ಷ ಎಲ್ಲವೂ ಒಟ್ಟಿಗೇ ಆಯಿತು. ಗುಂಡಿಯ ದೂರುಗಳು, ಟೈರ್ ಒಡೆದವರ ಪರಿಹಾರ ಅರ್ಜಿಗಳು ರಾಶಿ ಬಿದ್ದವು.

ಕೌನ್ಸಿಲ್‌ನ ಮೊದಲ ಉತ್ತರ ಯಾರಾದರೂ ಊಹಿಸಬಹುದಾದದ್ದು: ಗುಂಡಿ ಮುಚ್ಚುವ ತಂಡ ಜಾಸ್ತಿ ಮಾಡಿದರು. ವಾರಕ್ಕೆ ಎಷ್ಟು ಗುಂಡಿ ಮುಚ್ಚಿದೆವು ಎಂದು ಲೆಕ್ಕ ಪ್ರಕಟಿಸಿದರು. ಗುತ್ತಿಗೆದಾರನಿಗೆ ಗುಂಡಿ ಲೆಕ್ಕದಲ್ಲಿ ಹಣ. ತಂಡ ಬರುತ್ತದೆ, ಗುಂಡಿಯೊಳಗಿನ ನೀರನ್ನು ಪೊರಕೆಯಿಂದ ಒಂದಿಷ್ಟು ಗುಡಿಸುತ್ತದೆ, ಚೀಲದಲ್ಲಿ ಬರುವ ತಣ್ಣನೆ ಡಾಂಬರು ಮಿಶ್ರಣ ಸುರಿಯುತ್ತದೆ, ಸಲಿಕೆಯ ಹಿಂಬದಿಯಿಂದ ಬಡಿಯುತ್ತದೆ, ಫೋಟೋ ತೆಗೆದು ಮುಂದಕ್ಕೆ ಹೋಗುತ್ತದೆ. ಒದ್ದೆ ಗುಂಡಿಗೆ ಆ ಮಿಶ್ರಣ ಅಂಟುವುದಿಲ್ಲ, ಕೆಲವು ವಾರಗಳಲ್ಲಿ ಕಿತ್ತು ಬರುತ್ತದೆ. ಅದೇ ಗುಂಡಿಯನ್ನು ಮೂರು ಸಲ ಮುಚ್ಚಿದರೆ ಲೆಕ್ಕದಲ್ಲಿ ಮೂರು ಗುಂಡಿ! ಅಂಕಿ ಏರುತ್ತಿತ್ತು. ಅದನ್ನು ನೋಡಿ ಸಭೆಯಲ್ಲಿ ಖುಷಿಪಟ್ಟರು ಕೂಡ.

ಇಲ್ಲಿ ಗುತ್ತಿಗೆದಾರನನ್ನು ಬೈಯುವುದು ಸುಲಭ. ಆದರೆ ಅವನು ಒಪ್ಪಂದದಲ್ಲಿ ಬರೆದದ್ದನ್ನೇ ಮಾಡಿದ್ದಾನೆ. ಅದನ್ನು ಬರೆದುಕೊಟ್ಟದ್ದು ಕೌನ್ಸಿಲ್.

ತಿರುವು

ತಿರುವು ಬಂದದ್ದು ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಇನ್ಸ್‌ಪೆಕ್ಟರ್‌ನಿಂದ. ಅವರು ತಮ್ಮ ವಲಯದ ಗುಂಡಿ ದುರಸ್ತಿಗಳನ್ನೆಲ್ಲ ನಕ್ಷೆಯ ಮೇಲೆ ಹಾಕಿಸಿದರು. ಎಷ್ಟು ಗುಂಡಿ ಎಂದು ನೋಡುವ ಬದಲು ಒಂದೇ ಜಾಗಕ್ಕೆ ಎಷ್ಟು ಸಲ ಹೋಗಿದ್ದೇವೆ ಎಂದು ನೋಡಿದರು. ಚುಕ್ಕಿಗಳು ಎಲ್ಲೆಡೆ ಹರಡಿರಲಿಲ್ಲ. ಇಳಿಜಾರಿನ ಬುಡ, ರಸ್ತೆಯ ತಗ್ಗು, ಹೊಲದ ಗೇಟುಗಳ ಎದುರು, ಈ ಮೂರು ಕಡೆ ಗುಂಪುಗುಂಪಾಗಿದ್ದವು. ಮೂರೂ ನೀರು ಬಂದು ಸೇರುವ ಜಾಗಗಳು.

ನಕ್ಷೆ ತೋರಿಸಿ ಬಿಟ್ಟಿದ್ದರೆ ಅದು ಇನ್ನೊಂದು ವರದಿಯಾಗಿ ಕಪಾಟು ಸೇರುತ್ತಿತ್ತು. ಅವರು ವಿಭಾಗದ ಮುಖ್ಯಸ್ಥೆಯನ್ನೂ ಹಣಕಾಸು ಅಧಿಕಾರಿಯನ್ನೂ ಮಳೆ ಬರುವ ದಿನವೇ ಒಂದು ಹಳ್ಳಿ ರಸ್ತೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಗುಡ್ಡದ ಮೇಲಿನಿಂದ ಇಳಿಯುವ ಕಿರಿದಾದ ರಸ್ತೆ. ಪಕ್ಕದಲ್ಲಿ ಹುಲ್ಲುಪಟ್ಟಿ, ಅದರಾಚೆ ಚರಂಡಿ. ಹುಲ್ಲುಪಟ್ಟಿಯನ್ನು ಅಡ್ಡ ಸೀಳಿ ರಸ್ತೆಯಿಂದ ಚರಂಡಿಗೆ ನೀರು ಬಿಡುವ ಸಣ್ಣ ಕಾಲುವೆಗಳಿರುತ್ತವೆ. ಅಲ್ಲಿಯವರು ಅದನ್ನು ಗ್ರಿಪ್ ಅನ್ನುತ್ತಾರೆ. ಒಂದು ಮೊಳ ಅಗಲ ಇರಬಹುದು ಅಷ್ಟೇ. ಆ ರಸ್ತೆಯಲ್ಲಿ ಒಂದೂ ಕಾಣಲಿಲ್ಲ. ವರ್ಷಗಟ್ಟಲೆ ಹುಲ್ಲು ಬೆಳೆದು, ಕೊಳೆತು, ಮಣ್ಣು ಕೂತು, ಹುಲ್ಲುಪಟ್ಟಿಯೇ ರಸ್ತೆಗಿಂತ ಎತ್ತರವಾಗಿತ್ತು. ಮಳೆ ನೀರಿಗೆ ಪಕ್ಕಕ್ಕೆ ಹೋಗಲು ದಾರಿಯೇ ಇಲ್ಲ. ಚರಂಡಿ ಎರಡು ಹೆಜ್ಜೆ ದೂರದಲ್ಲಿ ಖಾಲಿ ಇತ್ತು, ನೀರು ಮಾತ್ರ ರಸ್ತೆ ಅಂಚಿನಲ್ಲೇ ಹರಿದು ಹೊಸ ತೇಪೆಗಳನ್ನು ಒಂದೊಂದಾಗಿ ಬಿಡಿಸುತ್ತಿತ್ತು.

ಇನ್ಸ್‌ಪೆಕ್ಟರ್ ಗಾಡಿಯಿಂದ ಸಲಿಕೆ ತೆಗೆದು ಹಳೇ ಗ್ರಿಪ್ ಇದ್ದ ಜಾಗ ಹುಡುಕಿ ಅಗೆದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀರು ತಿರುಗಿ ಚರಂಡಿಗೆ ಬಿತ್ತು, ಕೆಳಗೆ ರಸ್ತೆ ಮೇಲೆ ಹರಿಯುತ್ತಿದ್ದ ನೀರು ತೆಳ್ಳಗಾಯಿತು.

"ಈ ಕೆಲಸಕ್ಕೆ ಏನು ಖರ್ಚು?" ಎಂದು ಹಣಕಾಸು ಅಧಿಕಾರಿ ಕೇಳಿದರು.

"ನನ್ನ ಸಂಬಳ ಬಿಟ್ಟರೆ ಏನಿಲ್ಲ. ಇಲ್ಲಿಗೆ ಗುಂಡಿ ಮುಚ್ಚಲು ಬಂದ ಗಾಡಿಗಳ ಲೆಕ್ಕ ನಿಮ್ಮ ಹತ್ತಿರವೇ ಇದೆಯಲ್ಲ, ನೋಡಿ" ಎಂದರು ಇನ್ಸ್‌ಪೆಕ್ಟರ್.

ಹಣಕಾಸು ಅಧಿಕಾರಿ ನಿಜವಾಗಿಯೂ ಹೋಗಿ ನೋಡಿದರು. ಆ ಒಂದು ರಸ್ತೆಯ ಮೇಲೆ ಸುರಿದ ತೇಪೆಯ ಹಣದಲ್ಲಿ ಆ ಪ್ಯಾರಿಷ್‌ನ (ಹಳ್ಳಿ ಮಟ್ಟದ ಆಡಳಿತ ಘಟಕ) ಎಲ್ಲ ಗ್ರಿಪ್‌ಗಳನ್ನೂ ತೆರೆಯಬಹುದಿತ್ತು. ಆ ಹೊತ್ತಿನಿಂದ ಅವರು ಎಂಜಿನಿಯರ್‌ಗಳ ಕಡೆ ಬಂದರು. ಇಂಥ ಪ್ರಕರಣಗಳಲ್ಲಿ ಹಣಕಾಸಿನವರನ್ನು ಕಚೇರಿಯಲ್ಲೇ ಬಿಟ್ಟು ಹೋಗುವುದು ರೂಢಿ. ಇಲ್ಲಿ ಕರೆದುಕೊಂಡು ಹೋದದ್ದು ಎಲ್ಲಾ ಬದಲಿಸಿತು.

ನಿರ್ಧಾರ

ಪ್ರಸ್ತಾವ ಸರಳ, ನುಂಗಲು ಕಷ್ಟ. ನಿತ್ಯದ ಚೀಲದಲ್ಲಿ ಹೊಸ ಹಣ ಇಲ್ಲ. ಚರಂಡಿ ತಂಡ ಮತ್ತೆ ಬೇಕಾದರೆ ಗುಂಡಿ ಮುಚ್ಚುವ ಹಣದಿಂದಲೇ ತೆಗೆಯಬೇಕು. ಅಂದರೆ ಜನ ಗುಂಡಿ ಗುಂಡಿ ಎಂದು ಕೂಗುತ್ತಿರುವಾಗಲೇ ಗುಂಡಿ ತಂಡ ಕಮ್ಮಿ ಮಾಡಬೇಕು. ಅದೂ ಮುಂದಿನ ಮೇ ತಿಂಗಳಲ್ಲಿ ಚುನಾವಣೆ ಇದ್ದಾಗ.

ವಿಮೆ ನೋಡಿಕೊಳ್ಳುವವರು ಮೊದಲು ತಕರಾರು ತೆಗೆದರು. ಗುಂಡಿ ಬಿಟ್ಟು ಚರಂಡಿ ತೋಡಿದ್ದೀರಿ ಎಂದು ನ್ಯಾಯಾಲಯದಲ್ಲಿ ಕೇಳಿದರೆ ಏನು ಹೇಳುತ್ತೀರಿ? ಕಾನೂನು ವಿಭಾಗ 1968ರ ಬರ್ನ್‌ಸೈಡ್ ಮತ್ತು ಎಮರ್ಸನ್ ಮೊಕದ್ದಮೆಯನ್ನು ತೆಗೆದಿಟ್ಟಿತು. ರಸ್ತೆ ಮೇಲೆ ನಿಂತ ಮಳೆ ನೀರಿನಿಂದ ಆದ ಅಪಘಾತ ಅದು. ನೀರು ಹೋಗುವ ವ್ಯವಸ್ಥೆಯನ್ನು ನೋಡಿಕೊಳ್ಳದಿದ್ದರೆ ಅದೂ ನಿರ್ವಹಣೆಯ ಲೋಪವೇ ಎಂದು ಅಲ್ಲಿ ತೀರ್ಮಾನವಾಗಿತ್ತು. ಚರಂಡಿ ಬಿಟ್ಟು ಬರೀ ಗುಂಡಿ ಮುಚ್ಚುತ್ತಿದ್ದರೂ ಅಪಾಯ ಇದ್ದೇ ಇತ್ತು, ಯಾರೂ ಲೆಕ್ಕ ಹಾಕಿರಲಿಲ್ಲ ಅಷ್ಟೇ.

ಕೊನೆಗೆ ಕೆಲಸವನ್ನು ಎರಡಾಗಿ ಒಡೆದರು. ಸುರಕ್ಷತೆಗೆ ಕುತ್ತು ತರುವ ಗುಂಡಿಗಳ ತಪಾಸಣೆ ಮತ್ತು ದುರಸ್ತಿಯನ್ನು ಮುಟ್ಟಲಿಲ್ಲ. ಅಷ್ಟು ಅಪಾಯವಿಲ್ಲದ, ನೋಡಲು ಕೆಟ್ಟದಾಗಿರುವ, ಜನರ ಕರೆಗೆ ಓಗೊಟ್ಟು ಮುಚ್ಚುತ್ತಿದ್ದ ಗುಂಡಿಗಳ ಹಣವನ್ನು ಚರಂಡಿಗೆ ತಿರುಗಿಸಿದರು. ಇದಕ್ಕೆ 2016ರ ಅಕ್ಟೋಬರ್‌ನಲ್ಲಿ ಬಂದ ರಸ್ತೆ ನಿರ್ವಹಣೆಯ ಹೊಸ ರಾಷ್ಟ್ರೀಯ ಸಂಹಿತೆ ಅವಕಾಶ ಕೊಡುತ್ತಿತ್ತು. ಎಲ್ಲ ರಸ್ತೆಗೂ ಒಂದೇ ಅಳತೆ ಹಿಡಿಯುವ ಬದಲು ಅಪಾಯ ನೋಡಿ ಆದ್ಯತೆ ಕೊಡಿ ಅನ್ನುತ್ತದೆ ಅದು. 40 ಮಿಲಿಮೀಟರ್ ಆಳವಿದ್ದರೆ ಗುಂಡಿ ಎಂಬ ಅಳತೆ ಬಹಳ ಕೌನ್ಸಿಲ್‌ಗಳಲ್ಲಿ ರೂಢಿಯಲ್ಲಿದೆ. ಇಲ್ಲಿ ಆಳದ ಜೊತೆಗೆ ಯಾವ ರಸ್ತೆ, ರಸ್ತೆಯ ಯಾವ ಭಾಗ, ಸೈಕಲ್‌ನವರು ಓಡಾಡುವ ಜಾಗವೇ ಎಂಬುದನ್ನೂ ಸೇರಿಸಿದರು.

ಬಂಡವಾಳದ ಚೀಲದಲ್ಲೂ ಕ್ರಮ ಬದಲಾಯಿತು. ಅದುವರೆಗೆ ಅತಿ ಕೆಟ್ಟ ರಸ್ತೆಗೆ ಮೊದಲು ಡಾಂಬರು ಎಂಬ ಲೆಕ್ಕ ಇತ್ತು. ಕೇಳಲು ನ್ಯಾಯ ಅನಿಸುತ್ತದೆ. ಆದರೆ ಪೂರ್ತಿ ಕೆಟ್ಟ ರಸ್ತೆಯನ್ನು ಇನ್ನೊಂದು ವರ್ಷ ಬಿಟ್ಟರೆ ಅದರ ಖರ್ಚು ಅಷ್ಟೇನೂ ಏರುವುದಿಲ್ಲ. ಕೆಡಲು ಶುರುವಾದ ರಸ್ತೆಯನ್ನು ಬಿಟ್ಟರೆ ಖರ್ಚು ಹಲವು ಪಟ್ಟಾಗುತ್ತದೆ. ಹಾಗಾಗಿ ಮಧ್ಯಮ ಸ್ಥಿತಿಯ ರಸ್ತೆಗಳನ್ನು ಮೊದಲು ಹಿಡಿದರು. ಒಂದು ವರ್ಷ ಮುಂಚೆ ದೊಡ್ಡ ತೇಪೆ ಹಾಕಿ, ಮುಂದಿನ ಬೇಸಿಗೆಯಲ್ಲಿ ಬಿಟುಮೆನ್ ಸಿಂಪಡಿಸಿ, ಸಣ್ಣ ಜಲ್ಲಿ ಹರಡಿ ರೋಲರ್ ಹೊಡೆಯುವುದು. ಸರ್ಫೇಸ್ ಡ್ರೆಸ್ಸಿಂಗ್ ಎನ್ನುತ್ತಾರೆ. ಇದು ರಸ್ತೆಗೆ ಬಲ ಕೊಡುವುದಿಲ್ಲ, ನೀರು ಇಳಿಯದಂತೆ ಮುಚ್ಚುತ್ತದೆ. ಹೊಸ ಡಾಂಬರಿಗಿಂತ ಬಹಳ ಅಗ್ಗ. ಜಲ್ಲಿ ಸಿಡಿದು ಗಾಜಿಗೆ ಬಡಿಯುತ್ತದೆ ಎಂದು ಜನಕ್ಕೆ ಇಷ್ಟವಾಗುವುದಿಲ್ಲ, ಅದು ಬೇರೆ ಮಾತು.

ರಸ್ತೆ ಖಾತೆ ಹೊಂದಿದ್ದ ಕೌನ್ಸಿಲರ್ ಒಪ್ಪಲು ಒಂದು ಷರತ್ತು ಹಾಕಿದರು: ಯಾವ ರಸ್ತೆಗೆ ಏನು ಮಾಡುವುದಿಲ್ಲ ಅನ್ನೋದನ್ನು ನಾವೇ ಮೊದಲು ಬರೆದು ಪ್ರಕಟಿಸಬೇಕು. ಪತ್ರಿಕೆಯವರು ಅಗೆದು ತೆಗೆಯುವ ಹಾಗೆ ಇರಬಾರದು. ಅಧಿಕಾರಿಗಳಿಗೆ ಇದು ಹುಚ್ಚು ಅನಿಸಿತು. ಆಮೇಲೆ ಬಂದ ಬಿರುಗಾಳಿ ನೋಡಿದರೆ ಆ ಕೌನ್ಸಿಲರ್ ಹೇಳಿದ್ದೇ ಸರಿ ಎಂದು ನನಗನಿಸುತ್ತದೆ.

ಮಾಡಿದ್ದು, ಆದದ್ದು

ಚರಂಡಿ ತಂಡ ಮತ್ತೆ ಶುರುವಾಯಿತು. ಹಳೇ ತಂಡದಲ್ಲಿದ್ದ ಇಬ್ಬರು ವಾಪಸ್ ಬಂದರು. ಯಾವ ಗ್ರಿಪ್ ಎಲ್ಲಿತ್ತು ಎಂಬುದು ಅವರ ತಲೆಯಲ್ಲಿ ಬಿಟ್ಟು ಎಲ್ಲೂ ದಾಖಲಾಗಿರಲಿಲ್ಲ. ಅವರು ಬಾರದೇ ಹೋಗಿದ್ದರೆ ಮೊದಲ ವರ್ಷ ಹುಡುಕುವುದರಲ್ಲೇ ಮುಗಿಯುತ್ತಿತ್ತು. ತೊಟ್ಟಿಗಳ ಟ್ಯಾಂಕರ್ ಹೋದಾಗಲೆಲ್ಲ ಹೂಳು ಎಷ್ಟು ಮಟ್ಟಕ್ಕಿದೆ ಎಂದು ಬರೆದುಕೊಳ್ಳಲು ಹೇಳಿದರು. ಎರಡು ಸುತ್ತು ಮುಗಿಯುವ ಹೊತ್ತಿಗೆ ಯಾವುದು ಬೇಗ ತುಂಬುತ್ತದೆ, ಯಾವುದಕ್ಕೆ ವರ್ಷಗಟ್ಟಲೆ ಹೋಗದಿದ್ದರೂ ನಡೆಯುತ್ತದೆ ಅನ್ನೋದು ಗೊತ್ತಾಯಿತು. ಎಲ್ಲದಕ್ಕೂ ಒಂದೇ ಸರದಿ ಎಂಬ ಹಳೇ ಪದ್ಧತಿಯೂ ಪೋಲಾಗಿತ್ತು ಎಂದು ಆಗ ಕಂಡಿತು.

ಚರಂಡಿಗಳ ಒಡೆತನ ಇನ್ನೊಂದು ತಲೆನೋವು. ರಸ್ತೆ ಬದಿಯ ಚರಂಡಿ ಸಾಮಾನ್ಯವಾಗಿ ಪಕ್ಕದ ಜಮೀನಿನವರಿಗೆ ಸೇರಿದ್ದು. ಮೊದಲು ರೈತರಿಗೆ ಕಾನೂನು ಭಾಷೆಯ ನೋಟಿಸು ಕಳಿಸಿದರು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಇನ್ಸ್‌ಪೆಕ್ಟರ್‌ಗಳೇ ಹೋಗಿ ಮಾತಾಡಿದರು: ನಾವು ಗ್ರಿಪ್ ತೆರೆಯುತ್ತೇವೆ, ನೀವು ಚರಂಡಿ ತೋಡಿ, ತೆಗೆದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಒಟ್ಟಿಗೆ ನೋಡೋಣ. ರೈತರ ಹತ್ತಿರ ಯಂತ್ರ ಇತ್ತು, ನೀರು ನಿಂತರೆ ಅವರ ಹೊಲಕ್ಕೂ ನಷ್ಟ. ಬಹಳಷ್ಟು ಕಡೆ ಕೆಲಸ ಆಯಿತು. ಮೊಂಡು ಹಿಡಿದವರ ಕಡೆ ಕೌನ್ಸಿಲ್ ತನಗಿರುವ ಸೆಕ್ಷನ್ 100ರ ಅಧಿಕಾರ ಬಳಸಿ ತಾನೇ ಮಾಡಿತು.

ಪ್ಯಾರಿಷ್ ಕೌನ್ಸಿಲ್‌ಗಳನ್ನೂ ಸೇರಿಸಿಕೊಂಡರು. ಹಳ್ಳಿ ಮಟ್ಟದ ಈ ಸಣ್ಣ ಕೌನ್ಸಿಲ್‌ಗಳ ತೆರಿಗೆಗೆ ಜನಮತದ ಮಿತಿ ಇಲ್ಲ. ವೂಸ್ಟರ್‌ಶೈರ್, ಹೆರೆಫರ್ಡ್‌ಶೈರ್ ಕಡೆ ಪ್ಯಾರಿಷ್‌ನವರು ಲೆಂಗ್ತ್ಸ್‌ಮನ್ ಎಂಬ ಒಬ್ಬನನ್ನು ಇಟ್ಟು ಊರ ರಸ್ತೆಯ ಸಣ್ಣಪುಟ್ಟ ಕೆಲಸ ಮಾಡಿಸುತ್ತಾರೆ. ಅದನ್ನೇ ಇಲ್ಲೂ ಮಾಡಿದರು. ಅನುಕೂಲಸ್ಥರ ಹಳ್ಳಿಗಳಲ್ಲಿ ಚೆನ್ನಾಗಿ ನಡೆಯಿತು. ಬಡ ಹಳ್ಳಿಗಳು ತೆರಿಗೆ ಏರಿಸಲು ಹಿಂಜರಿದವು. ಒಂದೇ ಕೌಂಟಿಯಲ್ಲಿ ದುಡ್ಡಿದ್ದವರ ರಸ್ತೆ ಒಣಗಿತು, ಇಲ್ಲದವರದ್ದು ನೆನೆಯುತ್ತಲೇ ಇತ್ತು. ಇದನ್ನು ಕೌನ್ಸಿಲ್ ಇವತ್ತಿಗೂ ಸರಿ ಮಾಡಿಲ್ಲ, ಯಶಸ್ಸಿನ ಪಟ್ಟಿಯಲ್ಲಿ ಮಾತ್ರ ಈ ಯೋಜನೆ ಮೇಲೆಯೇ ಇದೆ.

ಮೊದಲ ಚಳಿಗಾಲ ಕೆಟ್ಟದಾಗಿತ್ತು. ದೂರುಗಳು ಏರಿದವು. ಗುಂಡಿ ಮುಚ್ಚಲು ಹೇಳಿದರೆ ಹುಲ್ಲು ಅಗೆಯುತ್ತಿದ್ದಾರೆ ಎಂದು ಜನ ಆಡಿಕೊಂಡರು. ಅಪಾಯದ ಗುಂಡಿ ಅಲ್ಲ ಎಂದು ಬಿಟ್ಟವುಗಳಲ್ಲಿ ಕೆಲವು ಬೆಳೆದು ಅಪಾಯದ ಗುಂಡಿಗಳೇ ಆದವು. ಕೌನ್ಸಿಲರ್‌ಗಳಲ್ಲಿ ಅರ್ಧ ಜನ ಹಳೇ ದಾರಿಗೆ ಹೋಗೋಣ ಎಂದರು. ಖಾತೆಯ ಕೌನ್ಸಿಲರ್ ಬಗ್ಗಲಿಲ್ಲ. ಮೊದಲೇ ಪ್ರಕಟಿಸಿದ್ದ ಪಟ್ಟಿ ಅವರ ಕೈಯಲ್ಲಿತ್ತು. ನೀವೇ ಕೈ ಎತ್ತಿ ಒಪ್ಪಿದ್ದೀರಿ ಎಂದು ತೋರಿಸಿದರು.

ಮೂರು ಮನೆಯ ರಸ್ತೆ

ಎಲ್ಲಕ್ಕಿಂತ ದೊಡ್ಡ ಜಗಳ ಆದದ್ದು ಒಂದು ಪುಟ್ಟ ರಸ್ತೆಯ ಬಗ್ಗೆ. ಅದರ ಕೊನೆಗೆ ಮೂರೇ ಮನೆ. ಹೊಸ ಪಟ್ಟಿಯಲ್ಲಿ ಅದು ಅತಿ ಕೆಳಗಿನ ವರ್ಗಕ್ಕೆ ಬಂತು: ಸುರಕ್ಷತೆಯ ದುರಸ್ತಿ ಮಾತ್ರ, ಡಾಂಬರಿನ ಯೋಜನೆ ಇಲ್ಲ. ಒಳಗಿನ ಒಂದು ಇಮೇಲ್‌ನಲ್ಲಿ ಯಾರೋ ಇಂಥ ರಸ್ತೆಗಳನ್ನು 'ಸಾಯಲು ಬಿಟ್ಟವು' ಎಂದು ಬರೆದಿದ್ದರು. ಅದು ಹೊರಗೆ ಬಂತು. ಪಟ್ಟಿ ಪ್ರಕಟಿಸಿದಾಗ ಸುಮ್ಮನಿದ್ದ ಜನ ಈ ಎರಡು ಪದಕ್ಕೆ ಉರಿದುಬಿದ್ದರು.

ಅಲ್ಲಿಯ ಒಬ್ಬ ನಿವಾಸಿ ಕಾಯ್ದೆ ಓದಿದ್ದರು. ಸೆಕ್ಷನ್ 56ರಡಿ ಕೌನ್ಸಿಲ್‌ಗೆ ನೋಟಿಸು ಕೊಟ್ಟರು. ಇದು ಯಾರು ಬೇಕಾದರೂ ಬಳಸಬಹುದಾದ ದಾರಿ. ನೋಟಿಸು ಬಂದ ಒಂದು ತಿಂಗಳೊಳಗೆ ಇದು ಸಾರ್ವಜನಿಕ ರಸ್ತೆ ಹೌದೋ ಅಲ್ಲವೋ, ನಿರ್ವಹಣೆ ನಮ್ಮದೋ ಅಲ್ಲವೋ ಎಂದು ಕೌನ್ಸಿಲ್ ಉತ್ತರಿಸಬೇಕು. ಹೌದು ಎಂದು ಒಪ್ಪಿದರೆ ದೂರುದಾರರು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಿ, ಇಷ್ಟು ದಿನದೊಳಗೆ ರಿಪೇರಿ ಮಾಡಿ ಎಂಬ ಆದೇಶ ತರಬಹುದು. ಮೂರೇ ಮನೆ ಇದೆ ಎಂಬ ವಾದ ಅಲ್ಲಿ ನಿಲ್ಲುವುದು ಕಷ್ಟ. ರಸ್ತೆಯನ್ನು ಕಾನೂನು ಪ್ರಕಾರ ಮುಚ್ಚದ ಹೊರತು ಕರ್ತವ್ಯ ಹೋಗುವುದಿಲ್ಲ, ಮೂರು ಮನೆಗಿರುವ ಒಂದೇ ದಾರಿಯನ್ನು ಮುಚ್ಚಲು ಯಾವ ನ್ಯಾಯಾಲಯ ಒಪ್ಪುತ್ತದೆ?

ಇಲ್ಲಿ ಕೌನ್ಸಿಲ್‌ಗೆ ಎರಡು ದಾರಿ ಇತ್ತು. ಹೋರಾಡಿ ಸೋತು ಇಡೀ ಪಟ್ಟಿಯನ್ನೇ ಅಪಾಯಕ್ಕೆ ಒಡ್ಡುವುದು ಒಂದು. ಬಾಯಿ ಮುಚ್ಚಿಸಲು ಈ ಒಂದು ರಸ್ತೆಗೆ ಡಾಂಬರು ಹಾಕಿ, ಮಿಕ್ಕವರೂ ನೋಟಿಸು ಹಿಡಿದು ಬರುವ ಹಾಗೆ ಮಾಡುವುದು ಇನ್ನೊಂದು. ಎರಡನ್ನೂ ಬಿಟ್ಟರು. ವಿಭಾಗದ ಮುಖ್ಯಸ್ಥೆ ಆ ಮೂರು ಮನೆಯವರ ಜೊತೆ ರಸ್ತೆಯಲ್ಲೇ ನಡೆದು ನೋಡಿದರು. ಇಮೇಲ್‌ನ ಮಾತಿಗೆ ನೇರವಾಗಿ ಕ್ಷಮೆ ಕೇಳಿದರು, ಪಟ್ಟಿಗೆ ಕೇಳಲಿಲ್ಲ. ಮೊದಲು ನೀರು ತಿರುಗಿಸುತ್ತೇವೆ, ಆಮೇಲೆ ಬಿಸಿ ಬಿಟುಮೆನ್ ಮತ್ತು ಜಲ್ಲಿಯನ್ನು ಗಾಳಿಯ ಒತ್ತಡದಿಂದ ಗುಂಡಿಗೆ ತುಂಬುವ ಯಂತ್ರ ತರುತ್ತೇವೆ, ನುಣುಪಾದ ಹೊಸ ರಸ್ತೆ ಮಾತ್ರ ಬರುವುದಿಲ್ಲ ಎಂದು ದಿನಾಂಕ ಹಾಕಿ ಬರೆದುಕೊಟ್ಟರು. ನಿವಾಸಿ ನ್ಯಾಯಾಲಯಕ್ಕೆ ಹೋಗಲಿಲ್ಲ. ಕೆಲಸ ಆ ದಿನಾಂಕದೊಳಗೇ ಮುಗಿಯಿತು. ತಡವಾಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಆಮೇಲೆ ಕೆಳಗಿನ ವರ್ಗದ ಎಲ್ಲ ರಸ್ತೆಗಳಿಗೂ ಇದೇ ಕನಿಷ್ಠ ಮಟ್ಟ ಎಂದು ಪಟ್ಟಿಯಲ್ಲಿ ಸೇರಿಸಿದರು. ಆ ಸಾಲು ಮೊದಲ ದಿನವೇ ಇರಬೇಕಿತ್ತು. ಏನು ಮಾಡುವುದಿಲ್ಲ ಎಂದಷ್ಟೇ ಬರೆದು, ಏನು ಮಾಡಿಯೇ ತೀರುತ್ತೇವೆ ಎಂದು ಬರೆಯದಿದ್ದದ್ದು ಜನರಿಗೆ ಭಯ ಹುಟ್ಟಿಸಿತ್ತು.

ಫಲಿತಾಂಶ ಎಷ್ಟು ನಂಬಬಹುದು

ಎರಡನೇ ಚಳಿಗಾಲದಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಗಮನಿಸುವಷ್ಟು ಇಳಿಯಿತು. ಗ್ರಿಪ್ ತೆರೆದ ರಸ್ತೆಗಳಲ್ಲಿ ಅಂಚು ಕುಸಿಯುವುದು ಕಮ್ಮಿಯಾಯಿತು. ಆದರೆ ಆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ರಾತ್ರಿಗಳೂ ಕಮ್ಮಿ ಇದ್ದವು. ಶ್ರೇಯಸ್ಸು ಎಷ್ಟು ಸಲಿಕೆಗೆ, ಎಷ್ಟು ಹವಾಮಾನಕ್ಕೆ ಎಂದು ಬೇರ್ಪಡಿಸಲು, ಚರಂಡಿ ತಂಡ ಇನ್ನೂ ತಲುಪದ ಪಕ್ಕದ ವಲಯದ ಜೊತೆ ಹೋಲಿಸಿದರು. ಅಲ್ಲೂ ಗುಂಡಿ ಇಳಿದಿತ್ತು, ಆದರೆ ಮರುಭೇಟಿಗಳು ಅಷ್ಟು ಇಳಿದಿರಲಿಲ್ಲ. ಇದನ್ನು ಪುರಾವೆ ಎನ್ನಬಹುದು, ಗಟ್ಟಿ ಪುರಾವೆ ಅಲ್ಲ. ಜೇಡಿಮಣ್ಣಿನ ನೆಲದ ರಸ್ತೆಗಳಲ್ಲಂತೂ ಚರಂಡಿ ತೆಗೆದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಒಣಗಿದಾಗ ಮಣ್ಣು ಕುಗ್ಗಿ ಬಿರುಕು ಬಿಡುವುದೇ ದೊಡ್ಡ ಸಮಸ್ಯೆ.

ಬೇರೆ ಕೌನ್ಸಿಲ್‌ನವರು ಕೇಳಿದರೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಕಡಿತ ಮಾಡಿದಾಗ ಯಾವ ಕೆಲಸಕ್ಕೆ ಯಾರೂ ಗಲ್ಲಾಟೆ ಮಾಡಲಿಲ್ಲ? ಒಂದೇ ಜಾಗಕ್ಕೆ ಎಷ್ಟು ಸಲ ಹೋಗಿದ್ದೀರಿ ಎಂದು ನಿಮ್ಮ ದಾಖಲೆ ಹೇಳುತ್ತದಾ? ಎರಡನೆಯದಕ್ಕೆ ಉತ್ತರ ಇಲ್ಲದವರೇ ಜಾಸ್ತಿ, ಯಾಕೆಂದರೆ ಹೆಚ್ಚಿನ ಕಡೆ ಪ್ರತಿ ದೂರಿಗೂ ಹೊಸ ನಂಬರ್ ಬೀಳುತ್ತದೆ, ಹಳೆಯದಕ್ಕೆ ಕೊಂಡಿ ಇರುವುದಿಲ್ಲ. ಮತ್ತೆ, ಈ ಕೌಂಟಿಯ ದಾರಿ ಎಲ್ಲರಿಗೂ ಆಗುವುದಿಲ್ಲ. ಕಟ್ಟೆಕಲ್ಲು, ಕೊಳವೆ ಇರುವ ನಗರದ ರಸ್ತೆಗಳಲ್ಲಿ ಗ್ಯಾಸ್, ನೀರು, ಕೇಬಲ್‌ನವರು ಅಗೆದ ಕಡೆಗಳೇ ಮೊದಲು ಕುಸಿಯುವುದು. ಅಲ್ಲಿ ಕಾವಲು ಬೇರೆ ಕಡೆ ಇಡಬೇಕು.

ಈಗ ಇರುವ ಸ್ಥಿತಿ

ಡಾಂಬರು ಉದ್ಯಮದವರ ಒಕ್ಕೂಟ ಪ್ರತಿ ವರ್ಷ ಮಾಡುವ ಸಮೀಕ್ಷೆ 2025ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳ ಬಾಕಿ ಕೆಲಸಕ್ಕೆ 1,681 ಕೋಟಿ ಪೌಂಡ್ ಬೇಕು ಎಂದಿತು. ಡಾಂಬರು ಮಾರುವವರ ಲೆಕ್ಕ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು, ಆದರೂ ಹೊರೆ ದೊಡ್ಡದು ಎಂಬುದರಲ್ಲಿ ತಕರಾರಿಲ್ಲ. 2025-26ಕ್ಕೆ ಸರ್ಕಾರ ಇಂಗ್ಲೆಂಡಿನ ಸ್ಥಳೀಯ ರಸ್ತೆ ನಿರ್ವಹಣೆಗೆ ಸುಮಾರು 160 ಕೋಟಿ ಪೌಂಡ್ ಕೊಟ್ಟಿತು. ಅದರಲ್ಲಿ 50 ಕೋಟಿ ಹಿಂದಿನ ವರ್ಷಕ್ಕಿಂತ ಹೆಚ್ಚಿನದು. ಆ ಹೆಚ್ಚುವರಿಯ ಕಾಲು ಭಾಗ ಸಿಗಬೇಕಾದರೆ ಪ್ರತಿ ಕೌನ್ಸಿಲ್ 2025ರ ಜೂನ್ 30ರೊಳಗೆ ತನ್ನ ಕೆಲಸದ ವರದಿ ಪ್ರಕಟಿಸಬೇಕಿತ್ತು. ಒದ್ದೆಯಾಗುತ್ತಿರುವ ಚಳಿಗಾಲಗಳಿಗೆ ಏನು ತಯಾರಿ ಮಾಡಿದ್ದೀರಿ ಎಂದೂ ಅದರಲ್ಲಿ ಹೇಳಬೇಕಿತ್ತು.

ನಮ್ಮ ಕೌಂಟಿಗೂ ಹಣ ಬಂತು, ಬಂಡವಾಳದ ಚೀಲಕ್ಕೆ. ಚರಂಡಿ ತಂಡದ ಸಂಬಳ ಮಾತ್ರ ಈಗಲೂ ನಿತ್ಯದ ಚೀಲದಿಂದ, ವರ್ಷ ವರ್ಷ ಒಪ್ಪಿಗೆ ಪಡೆದು ನಡೆಯುತ್ತಿದೆ. ಮುರಿದ ಕೊಳವೆ ಬದಲಿಸುವಂಥ ಕೆಲಸಗಳನ್ನು ಬಂಡವಾಳಕ್ಕೆ ಬರೆದು ಒಂದಿಷ್ಟು ಹೊರೆ ಇಳಿಸಿದ್ದಾರೆ, ಗ್ರಿಪ್ ತೆರೆಯುವುದಕ್ಕೆ ಹಣಕಾಸು ಅಧಿಕಾರಿ ಆ ದಾರಿ ಒಪ್ಪಿಲ್ಲ. ವರದಿಯ ನಮೂನೆಯಲ್ಲಿ ಎಷ್ಟು ಗುಂಡಿ ಮುಚ್ಚಿದಿರಿ ಎಂಬ ಕಾಲಂ ಇತ್ತು. ಹಳೇ ವರ್ಷಗಳ ಪಕ್ಕದಲ್ಲಿ ಈ ಕೌಂಟಿಯ ಅಂಕಿ ಕುಸಿದಂತೆ ಕಾಣುತ್ತದೆ. ಅದನ್ನು ಹಾಗೇ ಬರೆದು, ಕೆಳಗೆ ವಿವರಣೆಯ ಜಾಗದಲ್ಲಿ ಮರುಭೇಟಿಗಳ ಲೆಕ್ಕವನ್ನೂ ತೆರೆದ ಗ್ರಿಪ್‌ಗಳ ಲೆಕ್ಕವನ್ನೂ ಸೇರಿಸಿ ಕಳಿಸಿದರು. ಸ್ಥಳೀಯ ಪತ್ರಿಕೆ ಕಾಲಂನ ಅಂಕಿಯನ್ನಷ್ಟೇ ಹಾಕಿತು. ಮುಂದಿನ ಬಜೆಟ್‌ನಲ್ಲಿ ಚರಂಡಿ ತಂಡವನ್ನು ಕಾಯಂ ಮಾಡುವ ಪ್ರಸ್ತಾವ ಹೊಸ ಕೌನ್ಸಿಲರ್‌ಗಳ ಮುಂದಿದೆ.